ಕಾಣದ ಚಂಡೆ: ಒಂದು ಇಗುವಾನಾ ಮರಿ, ಹಲವು ಹಾವುಗಳು ಮತ್ತು ಒಂದು ಸಾಕ್ಷ್ಯಚಿತ್ರ

ಮರಳಿನೊಳಗಿಂದ ಒಂದು ಮರಿ ತಲೆ ಹೊರಗೆ ಹಾಕುತ್ತದೆ. ಮೊಟ್ಟೆ ಒಡೆದು ಬಂದು ಲೋಕ ನೋಡುತ್ತಿರುವುದು ಅದೇ ಮೊದಲು. ಇಗುವಾನಾ ಎಂಬ ಹಲ್ಲಿಜಾತಿಯ ಮರಿ ಅದು, ನಮ್ಮ ಬೇಲಿಸಾಲಿನ ಓತಿಕ್ಯಾತದಷ್ಟೇ ಗಾತ್ರ. ಎದುರಿಗೆ ಕಲ್ಲುಮರಳಿನ ಬಯಲು, ಅದರಾಚೆ ಕಡಲಂಚಿನ ಕರಿಬಂಡೆ. ದೊಡ್ಡ ಇಗುವಾನಾಗಳೆಲ್ಲ ಆ ಬಂಡೆಗಳ ಮೇಲೆ ಬಿಸಿಲು ಕಾಯಿಸುತ್ತಾ ಬಿದ್ದಿವೆ. ಮರಿ ಅಲ್ಲಿಗೆ ಹೋಗಿ ಸೇರಿಕೊಳ್ಳಬೇಕು. ದಾರಿಯಲ್ಲಿ ಹಾವು ಕಾಯುತ್ತಿದೆ. ಮರಿ ಕಲ್ಲಿನ ಹಾಗೆ ನಿಂತುಬಿಡುತ್ತದೆ, ಹಾವು ಪಕ್ಕದಲ್ಲೇ ಹರಿದುಹೋಗುತ್ತದೆ. ಅಲುಗಿದ್ದೇ ತಡ, ಅಟ್ಟಿಸಿಕೊಂಡು ಬರುತ್ತದೆ. ಆಮೇಲೆ ಬಂಡೆಯ ಸಂದಿಗಳಿಂದ ಒಂದಾದ ಮೇಲೊಂದು ಹಾವು. ಕೆಲವು ಮರಿಗಳು ಸಿಕ್ಕಿಬೀಳುತ್ತವೆ. ಕೊನೆಯದೊಂದು ಮರಿ ಹಾವುಗಳ ಸುರುಳಿಯೊಳಗೆ ಸಿಕ್ಕಿ, ಕೊಸರಿಕೊಂಡು, ಬಂಡೆಯಿಂದ ಬಂಡೆಗೆ ಹಾರಿ ಪಾರಾಗುತ್ತದೆ.

ಬಿಬಿಸಿಯ 'ಪ್ಲಾನೆಟ್ ಅರ್ತ್ 2' ಸರಣಿಯ ಮೊದಲ ಕಂತಿನ ದೃಶ್ಯ ಇದು. ದ್ವೀಪಗಳ ಕುರಿತ ಆ ಕಂತು 2016ರ ನವೆಂಬರ್ 6ರಂದು ಬ್ರಿಟನ್ನಿನಲ್ಲಿ ಪ್ರಸಾರವಾಯಿತು. ದೃಶ್ಯ ಚಿತ್ರೀಕರಿಸಿದ್ದು ಈಕ್ವೆಡಾರ್ ದೇಶಕ್ಕೆ ಸೇರಿದ ಗಲಾಪಗೋಸ್ ದ್ವೀಪಸಮೂಹದ ಫರ್ನಾಂಡಿನಾದಲ್ಲಿ. ನಿರೂಪಣೆ ಆಗ ತೊಂಬತ್ತು ತುಂಬಿದ್ದ ಡೇವಿಡ್ ಅಟೆನ್‌ಬರೋ ಅವರದು. ಈ ದನಿ ನಮಗೂ ಹೊಸದಲ್ಲ. ನಮ್ಮ ಕಾಡುಗಳ ಮೇಲಿನ 'ವೈಲ್ಡ್ ಕರ್ನಾಟಕ' ಚಿತ್ರದ ಇಂಗ್ಲಿಷ್ ಆವೃತ್ತಿಗೂ ಅವರೇ ದನಿ ಕೊಟ್ಟಿದ್ದಾರೆ. ಇಗುವಾನಾ ದೃಶ್ಯ ಜಗತ್ತಿನಾದ್ಯಂತ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. 2017ರಲ್ಲಿ ಬ್ರಿಟನ್ನಿನ ಬಾಫ್ಟಾ ಟೆಲಿವಿಷನ್ ಪ್ರಶಸ್ತಿಗಳಲ್ಲಿ, ನೋಡಲೇಬೇಕಾದ ಕ್ಷಣ ಎಂದು ವೀಕ್ಷಕರ ಮತದಿಂದ ಆಯ್ಕೆಯೂ ಆಯಿತು.

ಸಾಕ್ಷ್ಯಚಿತ್ರಗಳಲ್ಲಿ ನಾಟಕೀಯತೆ ಮಿತಿ ಮೀರುತ್ತಿದೆ ಎಂಬ ದೂರಿಗೆ ಉದಾಹರಣೆ ಹುಡುಕುವವರು ಸಾಮಾನ್ಯವಾಗಿ ಇದನ್ನು ಎತ್ತಿಕೊಳ್ಳುವುದಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದ ಚಿತ್ರಗಳು ಬೇಕಾದಷ್ಟಿವೆ. ನಾನು ಇದನ್ನೇ ಆರಿಸಿಕೊಂಡಿದ್ದೇನೆ. ಇದು ಒಳ್ಳೆಯವರು ಶ್ರದ್ಧೆಯಿಂದ ಮಾಡಿದ ಒಳ್ಳೆಯ ಕೆಲಸ. ಒಳ್ಳೆಯ ಕೆಲಸದಲ್ಲಿ ನಾಟಕ ಎಲ್ಲಿಂದ ಬಂದು ಸೇರುತ್ತದೆ, ಸೇರಿದ ಮೇಲೆ ಏನನ್ನು ಹೊರಗೆ ತಳ್ಳುತ್ತದೆ ಎಂಬುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ತರಗತಿಯಲ್ಲಿ

ನಾನು ಮಲೆನಾಡಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಸರೀಸೃಪಗಳ ಪಾಠದ ದಿನ ಮಕ್ಕಳಿಗೆ ಈ ದೃಶ್ಯ ತೋರಿಸಿದೆ. ಪ್ರೊಜೆಕ್ಟರ್ ಇತ್ತು, ಸ್ಪೀಕರ್ ಜೋರಾಗಿಯೇ ಇತ್ತು. ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದರು. ಮೊದಲ ಬೆಂಚಿನ ಹುಡುಗಿಯೊಬ್ಬಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬೆರಳ ಸಂದಿಯಿಂದ ನೋಡಿದಳು. ಮರಿ ಬಂಡೆಯ ತುದಿ ಮುಟ್ಟಿದಾಗ ಇಡೀ ತರಗತಿ ಚಪ್ಪಾಳೆ ಹೊಡೆಯಿತು. ನನಗೂ ರೋಮಾಂಚನವಾಗಿತ್ತು, ಸುಳ್ಳು ಹೇಳುವುದಿಲ್ಲ.

"ಏನು ನೋಡಿದ್ರಿ?" ಎಂದು ಕೇಳಿದೆ.

"ಸಾರ್, ಆ ಹಾವುಗಳನ್ನ ಬಡಿದು ಹಾಕ್ಬೇಕಿತ್ತು" ಎಂದ ಹಿಂದಿನ ಬೆಂಚಿನ ಹುಡುಗ. ಉಳಿದವರು ಹೌದು ಹೌದು ಎಂದರು.

ಆ ಹುಡುಗನ ಮನೆಗೆ ಅಡಿಕೆ ತೋಟವಿದೆ. ತೋಟದಲ್ಲಿ ಇಲಿ ಹಿಡಿಯುವುದು ಕೇರೆ ಹಾವು ಎಂಬುದು ನನಗಿಂತ ಅವನಿಗೇ ಚೆನ್ನಾಗಿ ಗೊತ್ತು. ಅಂಥವನ ಬಾಯಿಂದ ಈ ಮಾತು ಬಂದದ್ದು ನನ್ನನ್ನು ಕೊರೆಯತೊಡಗಿತು. ಪಾಠದ ಉದ್ದೇಶಕ್ಕೆ ಇದು ನೇರ ವಿರುದ್ಧವಾಗಿತ್ತು.

ಮಾರನೆಯ ದಿನ ಅದೇ ದೃಶ್ಯವನ್ನು ಸ್ಪೀಕರ್ ಆರಿಸಿ ತೋರಿಸಿದೆ. ತರಗತಿ ಬೇರೆಯೇ ಆಗಿಬಿಟ್ಟಿತು. ಮಕ್ಕಳು ಮಾತಾಡತೊಡಗಿದರು. ಹಾವು ಎಷ್ಟು ಸಲ ಗುರಿ ತಪ್ಪುತ್ತದೆ ಎಂದು ಒಬ್ಬ ಎಣಿಸಲು ಹೊರಟ. ಹಾವುಗಳು ಒಂದರ ಮೇಲೊಂದು ಬಿದ್ದು ತಮಗೆ ತಾವೇ ಅಡ್ಡ ಬರುತ್ತಿವೆ ಎಂದು ಇನ್ನೊಬ್ಬಳು ತೋರಿಸಿದಳು. ಹಿಂದಿನ ದಿನ ಮುಖ ಮುಚ್ಚಿಕೊಂಡಿದ್ದ ಹುಡುಗಿ ಕೇಳಿದ್ದು ಮಾತ್ರ ನಾನು ನಿರೀಕ್ಷಿಸದ ಪ್ರಶ್ನೆ: "ಸಾರ್, ಮರಿ ಕಣ್ಣು ಇಷ್ಟು ಹತ್ತಿರದಿಂದ ಕಾಣ್ತದಲ್ಲ, ಅಷ್ಟೊತ್ತಿಗೆ ಹಾವು ಹಿಂದೆ ಓಡೋದೂ ಕಾಣ್ತದಲ್ಲ, ಕ್ಯಾಮೆರಾ ಎಲ್ಲಿತ್ತು?"

ಸದ್ದು ಇದ್ದಾಗ ಈ ಪ್ರಶ್ನೆ ಯಾರ ತಲೆಗೂ ಬಂದಿರಲಿಲ್ಲ.

ಕ್ಯಾಮೆರಾ ಎಲ್ಲಿತ್ತು

ಕ್ಯಾಮೆರಾ ಎರಡಿದ್ದವು. ಅಲ್ಲಿ ಓಡಿದ ಮರಿಗಳೂ ಹಲವು. ಆ ಕಂತಿನ ನಿರ್ಮಾಪಕಿ ಎಲಿಜಬೆತ್ ವೈಟ್ 2017ರಲ್ಲಿ ಒಂದು ಸಾರ್ವಜನಿಕ ಮಾತುಕತೆಯಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದರು: ನೀವು ನೋಡುವ ಮರಿ ಉದ್ದಕ್ಕೂ ಒಂದೇ ಅಲ್ಲ, ಬೇರೆ ತುಣುಕುಗಳನ್ನು ಸೇರಿಸಿಕೊಳ್ಳಬೇಕಾಗುತ್ತದೆ. ಪತ್ರಿಕೆಗಳಲ್ಲಿ ಗದ್ದಲವಾಯಿತು. ಬಿಬಿಸಿ ಕೊಟ್ಟ ಉತ್ತರದ ಸಾರ ಇಷ್ಟು: ಕೊನೆಯ ಓಟವನ್ನು ಎರಡು ಕ್ಯಾಮೆರಾಗಳಲ್ಲಿ ಹಿಡಿಯಲಾಗಿದೆ, ಇಗುವಾನಾದ ಕಣ್ಣಿನ ಕ್ಲೋಸಪ್‌ನಂಥ ಶಾಟ್‌ಗಳನ್ನು ಬೇರೆಯಾಗಿ ತೆಗೆಯಲಾಗಿದೆ, ವನ್ಯಜೀವಿ ಚಿತ್ರಗಳಲ್ಲಿ ಇದು ರೂಢಿ, ಕಂಡ ನಡವಳಿಕೆಯೆಲ್ಲ ನಿಜವಾದದ್ದು.

ಉತ್ತರ ಒಪ್ಪತಕ್ಕದ್ದೇ. ಹಾವು ಬೆನ್ನಟ್ಟಿದ್ದು ನಿಜ, ಮರಿ ತಪ್ಪಿಸಿಕೊಂಡದ್ದು ನಿಜ. ಇಷ್ಟು ವಿವರವಾಗಿ ಈ ಬೇಟೆಯನ್ನು ಅದಕ್ಕೆ ಮುಂಚೆ ಯಾರೂ ಚಿತ್ರೀಕರಿಸಿರಲಿಲ್ಲ. 1958ರ ಡಿಸ್ನಿ ಚಿತ್ರ 'ವೈಟ್ ವೈಲ್ಡರ್‌ನೆಸ್' ಮಾಡಿದ ಮೋಸದ ಪಕ್ಕ ಇದನ್ನು ನಿಲ್ಲಿಸುವುದು ಅನ್ಯಾಯ. ಅಲ್ಲಿ ಲೆಮಿಂಗ್ ಎಂಬ ಇಲಿಜಾತಿಯ ಪ್ರಾಣಿಗಳನ್ನು ಬೇರೆ ಕಡೆಯಿಂದ ತರಿಸಿ, ದಂಡೆಯಿಂದ ಕೆಳಗೆ ತಳ್ಳಿ, ಅವು ತಾವಾಗಿ ಹಾರಿ ಪ್ರಾಣ ಬಿಡುತ್ತವೆಂದು ತೋರಿಸಿದರು. ಚಿತ್ರಕ್ಕೆ ಆಸ್ಕರ್ ಸಿಕ್ಕಿತು, ಲೆಮಿಂಗ್‌ಗಳ ಸಾಮೂಹಿಕ ಆತ್ಮಹತ್ಯೆಯ ಕಟ್ಟುಕಥೆ ಇಂದಿಗೂ ಜನರ ಬಾಯಲ್ಲಿದೆ. ಫರ್ನಾಂಡಿನಾದಲ್ಲಿ ಯಾರೂ ಹಾವನ್ನು ತಂದು ಬಿಟ್ಟಿಲ್ಲ.

ನನ್ನ ತಕರಾರು ಬೇರೆ ಕಡೆಯಿದೆ. ಪತ್ರಿಕೆಗಳು ಎಡಿಟಿಂಗ್ ಹಿಡಿದು ಜಗ್ಗಾಡಿದವು. ನನ್ನ ತರಗತಿಯ ಮಕ್ಕಳನ್ನು ಹಾವಿನ ಮೇಲೆ ಎತ್ತಿಕಟ್ಟಿದ್ದು ಸದ್ದು. ನಾನು ಎರಡನೇ ದಿನ ತೋರಿಸಿದ್ದೂ ಅದೇ ಎಡಿಟಿಂಗ್‌ನ ಚಿತ್ರವನ್ನೇ ಅಲ್ಲವೇ?

ಕಿವಿಗೆ ಹಾಕಿದ್ದು

ವನ್ಯಜೀವಿ ಚಿತ್ರಗಳಲ್ಲಿ ನಾವು ಕೇಳುವ ಸದ್ದಿನ ದೊಡ್ಡ ಪಾಲು ಕಾಡಿನದಲ್ಲ. ಕ್ಯಾಮೆರಾಗೆ ಉದ್ದನೆಯ ಲೆನ್ಸ್ ಹಾಕಿ ನೂರಾರು ಮೀಟರ್ ದೂರದ ಪ್ರಾಣಿಯನ್ನು ಮೂಗಿನ ಮುಂದೆ ತರಬಹುದು. ಮೈಕಿಗೆ ಆ ಶಕ್ತಿ ಇಲ್ಲ. ಕಡಲ ದಂಡೆಯಲ್ಲಾದರೆ ಗಾಳಿ ಮತ್ತು ಅಲೆ ಬಿಟ್ಟು ಬೇರೇನೂ ದಾಖಲಾಗುವುದಿಲ್ಲ. ನಿಧಾನಗತಿಯಲ್ಲಿ ತೋರಿಸುವ ಶಾಟ್‌ಗಳಿಗಂತೂ ಬಳಸಬಹುದಾದ ಸದ್ದೇ ಇರುವುದಿಲ್ಲ. ಹಾಗಾಗಿ ಸ್ಟುಡಿಯೊದಲ್ಲಿ ಫೋಲಿ ಕಲಾವಿದರು ಕೂತು ಪರದೆ ನೋಡುತ್ತಾ ಸದ್ದು ಹುಟ್ಟಿಸುತ್ತಾರೆ. ಹಿಮದ ಮೇಲೆ ಕರಡಿ ಹೆಜ್ಜೆ ಇಟ್ಟ ಕರಕರ ಸದ್ದು ಕಸ್ಟರ್ಡ್ ಪುಡಿಯನ್ನು ಹಿಸುಕಿದ್ದಿರಬಹುದು. ಕುಶಲವಾದ ಕೆಲಸ ಅದು, ಮೌನದ ಚಿತ್ರಕ್ಕೆ ಜೀವ ತುಂಬುವ ಕೆಲಸ. ಅದರ ಮೇಲೆ ನನಗೆ ಗೌರವವಿದೆ.

ಆದರೆ ಹುಟ್ಟಿಸಿದ ಸದ್ದಿಗೆ ಅಳತೆ ಇಡುವವರು ಯಾರು? ಹಾವು ನುಣ್ಣನೆಯ ಕಲ್ಲಿನ ಮೇಲೆ ಹರಿದರೆ ಎಷ್ಟು ಸದ್ದಾಗುತ್ತದೆ ಎಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ನಮ್ಮ ಮನೆಯ ಹಿತ್ತಲಲ್ಲಿ ಕೇರೆ ಹಾವು ಕಪ್ಪೆ ಹಿಡಿಯುವುದನ್ನು ಒಂದು ಮಳೆಗಾಲದ ಬೆಳಗ್ಗೆ ನೋಡಿದ್ದೇನೆ. ಒಗೆಯುವ ಕಲ್ಲಿನ ಪಕ್ಕ ಹಾವು ಎಷ್ಟು ಹೊತ್ತಿನಿಂದ ಇತ್ತೋ, ನನಗೆ ಕಂಡದ್ದೇ ತಡವಾಗಿ. ಚಹಾ ಆರಿಹೋಗುವಷ್ಟು ಹೊತ್ತು ಏನೂ ಆಗಲಿಲ್ಲ. ನಾಲಿಗೆ ಮಾತ್ರ ಒಳಗೆ ಹೊರಗೆ ಆಡುತ್ತಿತ್ತು. ಆಮೇಲೆ ಒಂದು ಕ್ಷಣ, ಒದ್ದೆ ಎಲೆ ಸರಿದ ಸದ್ದು, ಕಪ್ಪೆಯ ಕಿರುಚು. ಆ ಕಿರುಚು ಬಹಳ ಹೊತ್ತು ಇತ್ತು. ಹಾವಿನಿಂದ ಸದ್ದೇ ಇಲ್ಲ. ನನ್ನ ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು, "ಕೇರೆ ಅಲ್ದನಾ? ಬಿಡು, ಅದರ ಊಟ ಅದು ಮಾಡ್ಲಿ" ಎಂದು ಒಳಗೆ ಹೋದರು. ಹೆದರಿಕೆ ಇರಲಿಲ್ಲವೆಂದಲ್ಲ. ಹೆದರಿಕೆಯ ಜೊತೆ ಮರ್ಯಾದೆಯೂ ಇತ್ತು.

ಫರ್ನಾಂಡಿನಾದ ದೃಶ್ಯದಲ್ಲಿ ಕಾಯುವ ಹೊತ್ತೂ ಖಾಲಿ ಇಲ್ಲ. ಸಂಗೀತ ಮೊದಲು ಕೆಳದನಿಯಲ್ಲಿ ಒತ್ತುತ್ತದೆ, ಮರಿ ನಿಂತಾಗ ತಾನೂ ಉಸಿರು ಹಿಡಿಯುತ್ತದೆ, ಓಟ ಹಿಡಿದಾಗ ಬಡಿತ ಏರುತ್ತದೆ. ಸರಣಿಯ ಮುಖ್ಯ ರಾಗ ಹಾಲಿವುಡ್‌ನ ಹ್ಯಾನ್ಸ್ ಜಿಮ್ಮರ್ ಅವರದು, ಕಂತುಗಳ ಸಂಗೀತ ಜೇಕಬ್ ಶೇ ಮತ್ತು ಜಾಶಾ ಕ್ಲೀಬ್ ಅವರದು. ಆ ಬಡಿತ ಕೇಳಿದವನಿಗೆ ಯಾರು ನಾಯಕ, ಯಾರು ಖಳ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ದೃಶ್ಯವನ್ನು ಬೇರೆಯಾಗಿ ಹಂಚಿದಾಗ ಅದರ ತಲೆಬರಹದಲ್ಲೇ ಹಾವುಗಳು ಕೊಲೆಗಡುಕ ಹಾವುಗಳಾದವು.

ನಿರೂಪಣೆಯ ಮಾತಿನಲ್ಲಿ ಈ ಪಕ್ಷಪಾತ ಇಲ್ಲ ಎಂಬುದನ್ನು ಗಮನಿಸಬೇಕು. ಇಡೀ ವರ್ಷದಲ್ಲಿ ಈ ಹಾವುಗಳಿಗೆ ಸಿಗುವ ಅತ್ಯುತ್ತಮ ಊಟದ ಅವಕಾಶ ಇದು ಎಂದು ಅಟೆನ್‌ಬರೋ ಹೇಳುತ್ತಾರೆ. ಅವುಗಳ ದೃಷ್ಟಿ ಅಷ್ಟು ಚುರುಕಲ್ಲ, ಚಲನೆಯಷ್ಟೇ ತಿಳಿಯುತ್ತದೆ ಎಂದೂ ಹೇಳುತ್ತಾರೆ. ಹಾವಿನ ಕಡೆಯ ಕಷ್ಟ ಈ ಎರಡು ವಾಕ್ಯಗಳಲ್ಲಿ ಬಂದುಹೋಯಿತು. ತರಗತಿಯಲ್ಲಿ ಇಂಗ್ಲಿಷ್ ಬಲ್ಲ ಮಕ್ಕಳನ್ನು ಕೇಳಿದೆ. ಒಬ್ಬರಿಗೂ ಆ ವಾಕ್ಯ ನೆನಪಿರಲಿಲ್ಲ. ಬಡಿತ ಎಲ್ಲರಿಗೂ ನೆನಪಿತ್ತು, ಮೇಜಿನ ಮೇಲೆ ಬಾರಿಸಿಯೇ ತೋರಿಸಿದರು.

ಇದು ನನ್ನ ಒಂದು ತರಗತಿಯ ಅನುಭವ. ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಸಂಶೋಧಕರು ಶಾರ್ಕ್‌ಗಳು ಈಜುವ 60 ಸೆಕೆಂಡಿನ ಒಂದೇ ತುಣುಕನ್ನು ಕೆಲವರಿಗೆ ಭಯ ಹುಟ್ಟಿಸುವ ಸಂಗೀತದೊಂದಿಗೆ, ಕೆಲವರಿಗೆ ಹಿತವಾದ ಸಂಗೀತದೊಂದಿಗೆ, ಇನ್ನು ಕೆಲವರಿಗೆ ಸದ್ದಿಲ್ಲದೆ ತೋರಿಸಿದರು. ಭಯದ ಸಂಗೀತ ಕೇಳಿದವರು ಶಾರ್ಕ್ ಬಗ್ಗೆ ಉಳಿದವರಿಗಿಂತ ಕೆಟ್ಟ ಅಭಿಪ್ರಾಯ ಕೊಟ್ಟರು. ಈ ಅಧ್ಯಯನ ಪ್ರಕಟವಾದದ್ದು 2016ರಲ್ಲಿ, ಇಗುವಾನಾ ಪ್ರಸಾರವಾದ ವರ್ಷದಲ್ಲೇ.

ಚಂಡೆ ಬಾರಿಸುವವನು

ನಾಟಕವೇ ಬೇಡ ಎನ್ನುವವನು ನಾನಲ್ಲ. ಯಕ್ಷಗಾನ ನೋಡಿ ಬೆಳೆದವನು. ಬಣ್ಣದ ವೇಷ ತೆರೆಯ ಹಿಂದೆ ನಿಂತು ಅಬ್ಬರಿಸುವಾಗ ಚಂಡೆಯ ಪೆಟ್ಟು ಎದೆಗೆ ಬಂದು ಬಡಿಯುತ್ತದೆ. ಚಿಕ್ಕವನಿದ್ದಾಗ ಅಜ್ಜನ ಮಡಿಲಲ್ಲಿ ಮುಖ ಹುದುಗಿಸಿದ್ದೇನೆ. ಆಗ ಅಜ್ಜ ನನ್ನ ಗಲ್ಲ ಹಿಡಿದು ತಿರುಗಿಸಿ, "ನೋಡು, ಚಂಡೆ ಅಲ್ಲಿದೆ" ಎಂದು ತೋರಿಸುತ್ತಿದ್ದರು. ಹಿಮ್ಮೇಳ ರಂಗದ ಮೇಲೇ ಇರುತ್ತದೆ. ಭಾಗವತರು ಕಾಣುತ್ತಾರೆ, ಮದ್ದಳೆ ಕಾಣುತ್ತದೆ, ಬೆವರೊರೆಸಿಕೊಳ್ಳುತ್ತಾ ಚಂಡೆ ಬಾರಿಸುವವನೂ ಕಾಣುತ್ತಾನೆ. ರಾಕ್ಷಸನಿಗೆ ಹೆದರಿದ ಮಗು ತಿರುಗಿ ಚಂಡೆಯವನನ್ನು ನೋಡಿ ಸಮಾಧಾನ ಮಾಡಿಕೊಳ್ಳಬಹುದು. ಬೆಳಗಿನ ಜಾವಕ್ಕೆ ಅದೇ ರಾಕ್ಷಸ ಚೌಕಿಯಲ್ಲಿ ಬಣ್ಣ ತೆಗೆಯುವುದನ್ನೂ ಹೋಗಿ ನೋಡಬಹುದು.

ಸಾಕ್ಷ್ಯಚಿತ್ರದಲ್ಲಿ ಚಂಡೆಯವನು ಕಾಣುವುದಿಲ್ಲ. ಹೆಸರೇ ಸಾಕ್ಷ್ಯ ಎಂದಿದೆ. ನೋಡುವವನು ಇದನ್ನು ಪ್ರಸಂಗ ಎಂದು ತಿಳಿಯುವುದಿಲ್ಲ, ಕಣ್ಣಾರೆ ಕಂಡೆ ಎಂದುಕೊಳ್ಳುತ್ತಾನೆ. ನನ್ನ ವಿದ್ಯಾರ್ಥಿ ಹಾವನ್ನು ದ್ವೇಷಿಸಿದ್ದು ತಾನು ಕಂಡದ್ದರಿಂದ ಎಂದೇ ನಂಬಿದ್ದ.

'ಪ್ಲಾನೆಟ್ ಅರ್ತ್ 2' ತಂಡಕ್ಕೆ ಈ ಪ್ರಶ್ನೆಯ ಅರಿವು ಇರಲಿಲ್ಲವೆಂದು ಹೇಳಲಾಗದು. ಪ್ರತಿ ಕಂತಿನ ಕೊನೆಗೆ ಚಿತ್ರೀಕರಣ ಹೇಗಾಯಿತು ಎಂದು ತೋರಿಸುವ ಒಂದು ಭಾಗವಿದೆ. ಆದರೆ ದ್ವೀಪಗಳ ಕಂತಿನಲ್ಲಿ ಆ ಭಾಗ ಪೆಂಗ್ವಿನ್‌ಗಳಿರುವ ಝವೊಡೊವ್‌ಸ್ಕಿ ದ್ವೀಪಕ್ಕೆ ಹೋದ ಸಾಹಸದ ಕಥೆಗೆ ಮೀಸಲಾಯಿತು. ಇಗುವಾನಾ ದೃಶ್ಯ ಅದರಿಂದ ಕತ್ತರಿಸಿಕೊಂಡು ಒಂಟಿಯಾಗಿಯೇ ಜಗತ್ತು ಸುತ್ತಿತು. ಮೊಬೈಲಿನಲ್ಲಿ ಅದನ್ನು ನೋಡಿದ ಕೋಟ್ಯಂತರ ಜನರಿಗೆ ಎರಡು ಕ್ಯಾಮೆರಾ, ಹಲವು ಮರಿ, ಸ್ಟುಡಿಯೊದ ಸದ್ದು ಯಾವುದೂ ತಿಳಿದಿರಲು ಸಾಧ್ಯವಿಲ್ಲ.

ಈ ಶೈಲಿ ಎಷ್ಟು ಬೇಗ ಬೇರೂರಿತೆಂದರೆ, ನಮ್ಮ ಸುದ್ದಿ ಚಾನೆಲ್‌ಗಳಲ್ಲಿ ಚಿರತೆಯೊಂದು ಊರಂಚಿನ ಗೋಡೆ ಹಾರಿದ ಸಿಸಿಟಿವಿ ತುಣುಕಿಗೂ ಈಗ ಅಂಥದೇ ಬಡಿತ ಬೇಕು. ಅದೇ ನಾಲ್ಕು ಸೆಕೆಂಡಿನ ಚಿತ್ರ ಕೆಂಪು ವೃತ್ತದೊಳಗೆ ಮತ್ತೆ ಮತ್ತೆ ಹಾರುತ್ತದೆ. ಚಿರತೆ ಆ ಊರಿನ ಪಕ್ಕದಲ್ಲೇ ಎಷ್ಟೋ ಕಾಲದಿಂದ ಯಾರಿಗೂ ತೊಂದರೆ ಕೊಡದೆ ಬದುಕಿತ್ತೇ, ನಾಯಿಗಾಗಿ ಬಂದಿತ್ತೇ ಎಂದು ಕೇಳಲು ಆ ಸದ್ದಿನಲ್ಲಿ ಜಾಗವಿಲ್ಲ.

ಹೊರಗುಳಿದದ್ದು

ನನ್ನನ್ನು ನಿಜವಾಗಿ ಕಾಡುವುದು ಇದು. ಆ ಬಂಡೆಗಳ ಮೇಲೆ ಸಂಗೀತವಿಲ್ಲದೆಯೇ ಮೈ ನವಿರೇಳಿಸುವ ಕಥೆಗಳಿದ್ದವು.

ಕಡಲ ಇಗುವಾನಾ ಸಮುದ್ರದಲ್ಲಿ ಮೇವು ಹುಡುಕುವ ಜಗತ್ತಿನ ಏಕೈಕ ಹಲ್ಲಿಜಾತಿ. ಮುಳುಗಿ ಬಂಡೆಯ ಪಾಚಿ ಕೆರೆದು ತಿನ್ನುತ್ತದೆ, ಮೈಸೇರಿದ ಉಪ್ಪನ್ನು ಮೂಗಿನಿಂದ ಸೀನಿ ಹೊರಹಾಕುತ್ತದೆ. ಎಲ್ ನಿನೊ ಬಂದು ಕಡಲು ಬಿಸಿಯಾಗಿ ಪಾಚಿ ಸಿಗದ ವರ್ಷಗಳಲ್ಲಿ ಅದರ ದೇಹದ ಉದ್ದವೇ ಶೇ 20ರವರೆಗೂ ಕುಗ್ಗುತ್ತದೆ. ಮೇವು ಸಿಕ್ಕಾಗ ಮತ್ತೆ ಬೆಳೆಯುತ್ತದೆ. ಇದನ್ನು ಹೇಳಿದಾಗ ನನ್ನ ತರಗತಿ ಹಾವಿನ ಓಟ ನೋಡಿದಾಗಿನಷ್ಟೇ ಬಾಯಿ ಬಿಟ್ಟು ಕೂತಿತ್ತು.

1835ರಲ್ಲಿ ಚಾರ್ಲ್ಸ್ ಡಾರ್ವಿನ್ ಗಲಾಪಗೋಸ್‌ಗೆ ಬಂದಾಗ ಇಂಥದೊಂದು ಇಗುವಾನಾವನ್ನು ಹಿಡಿದು ನೀರಿಗೆ ಎಸೆದ. ಅದು ನೇರ ಈಜಿ ಅವನು ನಿಂತ ಜಾಗಕ್ಕೇ ವಾಪಸು ಬಂತು. ಮತ್ತೆ ಎಸೆದ, ಮತ್ತೆ ಬಂತು. ನೀರಿನಲ್ಲಿ ಶಾರ್ಕ್ ಉಂಟು, ದಡದಲ್ಲಿ ಇದಕ್ಕೆ ವೈರಿಗಳೇ ಇಲ್ಲ, ಹಾಗಾಗಿ ಏನೇ ಆದರೂ ದಡವೇ ಸುರಕ್ಷಿತ ಎಂಬುದು ಇದರ ಹುಟ್ಟುಗುಣವಾಗಿದೆ ಎಂದು ಊಹಿಸಿದ. ಬೆಳೆದ ಇಗುವಾನಾ ಮಟ್ಟಿಗೆ ಅವನ ಊಹೆ ಚೆನ್ನಾಗಿಯೇ ಇದೆ. ಮರಿಗಳ ಪಾಲಿಗೆ ದಡ ಹೇಗಿರುತ್ತದೆಂದು ಫರ್ನಾಂಡಿನಾದ ಈ ತುಣುಕು ತೋರಿಸುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ವಿಜ್ಞಾನ ಹೇಗೆ ಮುಂದೆ ಸಾಗುತ್ತದೆಂದು ಮಗುವಿಗೂ ತಿಳಿಯುತ್ತದೆ.

ಎಲ್ಲಕ್ಕಿಂತ ದೊಡ್ಡದು ಹಾವುಗಳ ಸಂಖ್ಯೆಯ ಹಿಂದಿನ ಕಥೆ. ಅಷ್ಟೊಂದು ಹಾವು ಅಲ್ಲೇ ಏಕೆ? ಫರ್ನಾಂಡಿನಾ ಜನವಸತಿ ಇಲ್ಲದ, ಜೀವಂತ ಜ್ವಾಲಾಮುಖಿಯ ದ್ವೀಪ. ಮನುಷ್ಯರ ಹಡಗುಗಳ ಜೊತೆ ಬೇರೆ ದ್ವೀಪಗಳಿಗೆ ಬಂದಿಳಿದ ಬೆಕ್ಕು, ಇಲಿ, ನಾಯಿಗಳು ಇಲ್ಲಿ ನೆಲೆಯಾಗಿಲ್ಲ. ಜಲಸಂಧಿಯಾಚೆಯ ಇಸಾಬೆಲಾ ದ್ವೀಪದಲ್ಲಿ ಕಾಡುಬಿದ್ದ ಬೆಕ್ಕುಗಳು ಇಗುವಾನಾ ಮರಿಗಳನ್ನು ತಿನ್ನುತ್ತವೆ. ದೃಶ್ಯದ ಹಾವುಗಳು ರೇಸರ್ ಎಂಬ ಗುಂಪಿನವು; ಫ್ಲೊರಿಯಾನಾ ದ್ವೀಪದಲ್ಲಿ ಅಲ್ಲಿನ ರೇಸರ್ ಹಾವೇ ಇಲ್ಲವಾಗಿ, ಪಕ್ಕದ ಪುಟ್ಟ ದ್ವೀಪಗಳಲ್ಲಷ್ಟೇ ಉಳಿದುಕೊಂಡಿದೆ. ಫರ್ನಾಂಡಿನಾದ ಬಂಡೆಗಳಿಂದ ಹೊರಬಿದ್ದ ಆ ಹಾವುಗಳ ಗುಂಪು, ಒಂದು ದ್ವೀಪ ಇನ್ನೂ ಕೆಡದೆ ಉಳಿದಿದೆ ಎಂಬುದರ ಗುರುತು. ಕಂಡು ಸಂತೋಷಪಡಬೇಕಾದ ನೋಟ. ದೃಶ್ಯದಲ್ಲಿ ಈ ಮಾತು ಬರುವುದಿಲ್ಲ, ಬಂದಿದ್ದರೂ ಆ ಬಡಿತದ ಜೊತೆ ಹೊಂದುತ್ತಿರಲಿಲ್ಲ. ಅದೇ ಕಂತಿನ ಬೇರೆಡೆ, ಕ್ರಿಸ್ಮಸ್ ದ್ವೀಪದ ಏಡಿಗಳನ್ನು ಹೊರಗಿನಿಂದ ಬಂದ ಇರುವೆಗಳು ಕೊಲ್ಲುವುದನ್ನು ತೋರಿಸಿದ್ದಾರೆ ಎಂಬುದನ್ನೂ ಹೇಳಬೇಕು. ಅದನ್ನು ನೆನಪಿಟ್ಟುಕೊಂಡವರು ಕಡಿಮೆ.

ಬಿಬಿಸಿಯಲ್ಲೇ ವನ್ಯಜೀವಿ ಕಾರ್ಯಕ್ರಮಗಳನ್ನು ನಡೆಸಿಕೊಡುತ್ತಿದ್ದ ಮಾರ್ಟಿನ್ ಹ್ಯೂಸ್-ಗೇಮ್ಸ್ 2017ರ ಆರಂಭದಲ್ಲಿ ಈ ಸರಣಿಯನ್ನು ಕಟುವಾಗಿ ಟೀಕಿಸಿದರು. ಅಳಿಯುತ್ತಿರುವ ಪ್ರಪಂಚವನ್ನು ಏನೂ ಆಗಿಲ್ಲವೆಂಬಂತೆ ತೋರಿಸಿ ಜನರನ್ನು ಮೈಮರೆಸುತ್ತಿದೆ ಎಂಬುದು ಅವರ ದೂರು. ನಾನು ಅಷ್ಟು ದೂರ ಹೋಗಲಾರೆ. ಈ ಸರಣಿ ನೋಡಿ ಕಾಡಿನ ಹುಚ್ಚು ಹಿಡಿಸಿಕೊಂಡ ಹುಡುಗರನ್ನು ಬಲ್ಲೆ. ಆದರೆ ಫರ್ನಾಂಡಿನಾದ ಮಟ್ಟಿಗೆ ಹ್ಯೂಸ್-ಗೇಮ್ಸ್ ಅವರ ಮಾತು ತೂಗುತ್ತದೆ.

ಬೇರೆ ದಾರಿ ಇರಲಿಲ್ಲವೇ? ಕ್ಯಾಮೆರಾ ಅಲುಗದಂತೆ ಹಿಡಿಯುವ ಹಗುರ ಗಿಂಬಲ್‌ಗಳಿಂದ ಪ್ರಾಣಿಯ ಕಣ್ಣೆತ್ತರಕ್ಕೆ ಕ್ಯಾಮೆರಾ ಇಳಿಸಿದ ಈ ತಂಡಕ್ಕೆ ಆ ಚಿತ್ರಗಳ ಮೇಲೇ ಭರವಸೆ ಇಡಬಹುದಿತ್ತು. ಮರಿ ಕಲ್ಲಾಗಿ ನಿಲ್ಲುವ ಆ ಗಳಿಗೆಗೆ ಗಾಳಿ ಮತ್ತು ಅಲೆಯ ಸದ್ದೇ ಸಾಕಾಗಿತ್ತು. ನಾನು ಹಾಗೆ ನೋಡಿದ್ದೇನೆ. ಆ ಮೌನದಲ್ಲಿ ಕೈ ಬೆವರುತ್ತದೆ.

ಮೂರನೆಯ ದಿನ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ: ಸದ್ದಿಲ್ಲದ ದೃಶ್ಯಕ್ಕೆ ನಿಮ್ಮದೇ ಮಾತು ಬರೆಯಿರಿ. ಬಹಳಷ್ಟು ಜನ ಕ್ರಿಕೆಟ್ ಕಾಮೆಂಟರಿಯಂತೆ ಬರೆದರು, ಓದುವಾಗ ಎಲ್ಲರೂ ನಕ್ಕೆವು. ಕ್ಯಾಮೆರಾ ಎಲ್ಲಿತ್ತು ಎಂದು ಕೇಳಿದ್ದ ಹುಡುಗಿ ನೋಟ್‌ಬುಕ್ ಹಿಡಿದು ಪರದೆಯ ಪಕ್ಕ ಬಂದು ನಿಂತಳು. ದೃಶ್ಯ ಶುರುವಾಯಿತು, ಅವಳು ಮಾತಾಡಲಿಲ್ಲ. ಹಾವು ಬಂತು, ಮಾತಾಡಲಿಲ್ಲ. ಮರೆತುಹೋಯಿತೇನೋ ಎಂದು ನಾನು ಹೇಳಿಕೊಡಲು ಬಾಯಿ ತೆರೆಯುವಷ್ಟರಲ್ಲಿ ಕೈಯಿಂದಲೇ ತಡೆದಳು. ಕೊನೆಯ ಮರಿ ಬಂಡೆ ಹತ್ತಿದ ಮೇಲೆ ನಿಧಾನವಾಗಿ ಓದಿದಳು: "ಮರಿ ಅವರ ಅಮ್ಮನ ಊರಿಗೆ ಬಂತು. ಕೆಳಗಿನ ಹಾವುಗಳಿಗೆ ಇವತ್ತು ಊಟ ಇಲ್ಲ. ಅವು ನಾಳೆ ಮತ್ತೆ ಕಾಯ್ತವೆ."